ಆಟದ ಮೈದಾನ: ಇಲ್ಲ

ಮೂವತ್ತು ವರ್ಷಕ್ಕೂ ಮೇಲೆ ನಾನು ತಾಲ್ಲೂಕು ಕಚೇರಿಯಲ್ಲಿ ಅಂಕಿಅಂಶ ಬರೆಯುವ ಗುಮಾಸ್ತನಾಗಿದ್ದೆ. ತೆಂಗಿನ ಮರ ಎಷ್ಟು, ಎಮ್ಮೆ ಎಷ್ಟು, ಬೋರ್‌ವೆಲ್ ಎಷ್ಟು, ಅದರಲ್ಲಿ ನೀರಿರುವುದು ಎಷ್ಟು, ಎಲ್ಲವನ್ನೂ ಕಾಲಂ ಎಳೆದು ಬರೆದು ಮೇಲಕ್ಕೆ ಕಳಿಸಿದವನು. ನಿವೃತ್ತನಾಗಿ, ತಿಪಟೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ನಮ್ಮೂರಿಗೆ ಬಂದು ಕೂತ ಮೇಲೂ ಆ ಚಟ ಹೋಗಲಿಲ್ಲ. ಮಳೆ ಬಂದ ದಿನ, ಕಾಯಿ ಕೆಡವಿದ ದಿನ, ಹಸು ಕರು ಹಾಕಿದ ದಿನ, ಎಲ್ಲಕ್ಕೂ ನನ್ನ ಹತ್ತಿರ ಒಂದೊಂದು ನೋಟ್‌ಬುಕ್ಕಿದೆ. "ನಾನು ಸೀನಿದ್ರೂ ಬರ್ಕಂತಾರೆ ಕಣ್ರೀ ಇವ್ರು" ಎಂದು ನನ್ನ ಹೆಂಡತಿ ನೆಂಟರ ಮುಂದೆ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ. ಅಂಕಿ ಇಲ್ಲದ ಮಾತು ಮಾತೇ ಅಲ್ಲ ಎಂದು ನಂಬಿಕೊಂಡು ಬಂದವನು ನಾನು. ಆ ನಂಬಿಕೆಯ ದೆಸೆಯಿಂದ ಒಂದು ಸಲ ಮನೆಮಂದಿಯೆಲ್ಲರ ಮುಂದೆ ನನ್ನ ಮುಖ ಸಪ್ಪಗಾಯಿತು. ಅದನ್ನು ಈಗ ಹೆಮ್ಮೆಯಿಂದಲೇ ಹೇಳುತ್ತೇನೆ.

ಮೊಮ್ಮಗಳಿಗೆ ಆಗ ಆರು ವರ್ಷ ತುಂಬುತ್ತಿತ್ತು. ಎಲ್‌ಕೆಜಿ, ಯುಕೆಜಿ ಎಂದು ಎರಡು ವರ್ಷ ಪೇಟೆಯ ಕಾನ್ವೆಂಟಿಗೆ ಹೋಗಿ ಬಂದಿದ್ದಳು. ಬೆಳಿಗ್ಗೆ ಏಳೂವರೆಗೆ ಊರಿನ ಅರಳಿಕಟ್ಟೆಯ ಹತ್ತಿರ ಹಳದಿ ವ್ಯಾನು ಬರುತ್ತಿತ್ತು. ಅದು ನಾಲ್ಕೈದು ಊರು ಸುತ್ತಿ, ಮಕ್ಕಳನ್ನು ತುಂಬಿಕೊಂಡು ಪೇಟೆ ಸೇರುವಷ್ಟರಲ್ಲಿ ಒಂದು ಗಂಟೆ. ಕೆರೆ ಏರಿಯ ತಿರುವು ಬಂತೆಂದರೆ ನಮ್ಮ ಹುಡುಗಿಗೆ ವಾಂತಿ. ಒಂದು ದಿನವಲ್ಲ, ಎರಡು ದಿನವಲ್ಲ, ದಿನಾ. ಸೊಸೆ ಬ್ಯಾಗಿನಲ್ಲಿ ಪುಸ್ತಕಕ್ಕಿಂತ ಮೊದಲು ನಿಂಬೆಹಣ್ಣು, ಟವೆಲ್ಲು, ಇನ್ನೊಂದು ಜೊತೆ ಬಟ್ಟೆ ಇಡುತ್ತಿದ್ದಳು. ಭಾನುವಾರ ಮಧ್ಯಾಹ್ನ ಕಳೆಯಿತೆಂದರೆ ಹುಡುಗಿ ನನ್ನ ತೊಡೆಗೆ ಆತುಕೊಂಡು, "ತಾತ, ನಾಳೆ ವ್ಯಾನು ಬತ್ತದಾ?" ಎಂದು ಕೇಳುತ್ತಿತ್ತು. 

ಮಾರ್ಚ್ ತಿಂಗಳು. ಯುಕೆಜಿ ಮುಗಿದು ಅವಳಿಗೆ ರಜೆ ಬಂದಿತ್ತು; ಈಗ ಒಂದನೇ ಕ್ಲಾಸಿಗೆ ಹಾಕಬೇಕು. ನಮ್ಮ ಮನೆಯ ಹಿಂದೆ ಕಣ, ಕಣ ದಾಟಿದರೆ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದರವರೆಗೆ ಎರಡು ಕೋಣೆ, ಒಬ್ಬರು ಹೆಡ್‌ಮೇಡಂ, ಒಬ್ಬರು ಮೇಷ್ಟ್ರು. ನಾನು ಓದಿದ್ದು ಅಲ್ಲಿ, ನನ್ನ ಮಗ ಓದಿದ್ದೂ ಅಲ್ಲೇ. ಆದರೂ ತೋಟ ನೋಡಿಕೊಂಡಿರುವ ಆ ನನ್ನ ಮಗನೇ, "ಎಲ್ಲಾರ ಮಕ್ಳೂ ವ್ಯಾನಲ್ಲಿ ಹೋಯ್ತಾವೆ, ನಮ್ದೊಂದು ಯಾಕೆ ಇಲ್ಲಿ?" ಎನ್ನುತ್ತಿದ್ದ. ಸೊಸೆ ತುರುವೇಕೆರೆ ಕಡೆಯವಳು, ಬಿ.ಕಾಂ. ಮಾಡಿದವಳು, ಯಾವುದನ್ನೂ ದುಡುಕಿ ತೀರ್ಮಾನಿಸುವವಳಲ್ಲ. ಒಂದು ಬುಧವಾರ ಊಟವಾದ ಮೇಲೆ ಮೊಬೈಲು ಹಿಡಿದುಕೊಂಡು ನನ್ನ ಮುಂದೆ ಬಂದು ಕೂತಳು.

"ಮಾವ, ನಂಗೆ ಇಲ್ಲಿಗೇ ಹಾಕಾಣ ಅಂತ ಆಸೆ. ಆದ್ರೆ ವಾಂತಿ ಮಾಡ್ಕಂತಾಳೆ ಅಂತ ಹತ್ರದ ಸ್ಕೂಲಿಗೆ ಹಾಕಿ, ಓದು ಹಾಳ್ಮಾಡಿದ್ಲು ನಮ್ಮಮ್ಮ ಅಂತ ನಾಳೆ ಅವಳೇ ನನ್ನ ಅನ್ನಬಾರ್ದು. ಗೌರ್ಮೆಂಟಿನವ್ರು ಏನೈತೆ ಏನಿಲ್ಲ ಅಂತ ಒಂದೊಂದು ಸ್ಕೂಲಿಗೂ ಕಾರ್ಡ್ ಮಾಡಿ ಇಂಟರ್ನೆಟ್ಟಲ್ಲಿ ಹಾಕವ್ರೆ, ಯಾರು ಬೇಕಾದ್ರೂ ನೋಡಬೌದು. ನೀವು ಲೆಕ್ಕದ ಮನುಷ್ಯರು. ನೋಡಿ ಹೇಳಿ. ನೀವು ಹೆಂಗೆ ಹೇಳಿದ್ರೆ ಹಂಗೆ."

ಆಹಾ! ನಿವೃತ್ತನಾದ ಮೇಲೆ ನನ್ನನ್ನು ಯಾರೂ ಇಷ್ಟು ಮರ್ಯಾದೆಯಿಂದ ಏನನ್ನೂ ಕೇಳಿರಲಿಲ್ಲ. ಕಾನ್ವೆಂಟಿನಲ್ಲಿ ಸೀಟು ಉಳಿಸಿಕೊಳ್ಳಲು ಸೋಮವಾರವೇ ಕೊನೆಯ ದಿನ. ನನಗೆ ಬೇಕಾದಷ್ಟು ಸಮಯವಿತ್ತು. ಹಳೆಯ ಪೆಟ್ಟಿಗೆಯಿಂದ ಉದ್ದ ಹಾಳೆ, ಸ್ಕೇಲು, ಕೆಂಪು ನೀಲಿ ಪೆನ್ಸಿಲ್ಲು ತೆಗೆದೆ. ಸೊಸೆ ಎರಡೂ ಶಾಲೆಗಳ ಕಾರ್ಡನ್ನು ತೆರೆದು ಕೊಟ್ಟಳು. ಎಡಗಡೆ ಕಾನ್ವೆಂಟು, ಬಲಗಡೆ ನಮ್ಮೂರ ಶಾಲೆ. ಸಂಜೆಯವರೆಗೂ ಬರೆದೆ. ಮಾರನೆಯ ದಿನ ಬೆಳಿಗ್ಗೆ ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ತಾಳೆ ನೋಡಿದೆ. ಹೆಂಡತಿ ಕಾಫಿ ತಂದಿಟ್ಟದ್ದು ಆರಿಹೋಯಿತು.

ಕಾನ್ವೆಂಟಿನ ಕಡೆ ಎಲ್ಲಾ ಇದೆ, ಇದೆ, ಇದೆ. ನಮ್ಮ ಶಾಲೆಯ ಕಡೆ ಕರೆಂಟು ಇದೆ, ಶೌಚಾಲಯ ಇದೆ, ಅಷ್ಟಕ್ಕೇ ನಿಂತುಹೋಯಿತು. ಆಟದ ಮೈದಾನ: ಇಲ್ಲ. ಗ್ರಂಥಾಲಯ: ಇಲ್ಲ. ಕುಡಿಯುವ ನೀರು: ಇಲ್ಲ. ಹಿಂದಿನ ವರ್ಷದ ಕಾರ್ಡಿನಲ್ಲೂ ಅದೇ, ಅದರ ಹಿಂದಿನ ವರ್ಷವೂ ಅದೇ. ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿದಿತ್ತು; ಒಂದನೇ ತರಗತಿಯ ಹೆಣ್ಣುಮಕ್ಕಳ ಕಾಲಂನಲ್ಲಿ ಸೊನ್ನೆ. ನಾನು ಅಕ್ಷರ ಕಲಿತ ಶಾಲೆ. ಬರೆಯುವಾಗ ಕೈ ಭಾರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಲೆಕ್ಕದಲ್ಲಿ ದಾಕ್ಷಿಣ್ಯ ಮಾಡಿದವನಲ್ಲ ನಾನು.

ಗುರುವಾರ ಮಧ್ಯಾಹ್ನ ಜಗಲಿಯ ಮೇಲೆ ಎಲ್ಲರನ್ನೂ ಕೂರಿಸಿ ಓದಿದೆ. ಕಚೇರಿಯಲ್ಲಿ ಸಾಹೇಬರ ಮುಂದೆ ಓದುತ್ತಿದ್ದ ಹಾಗೆಯೇ ಗಂಟಲು ಸರಿಮಾಡಿಕೊಂಡು ಓದಿದೆ. ಕೊನೆಗೆ, "ಪರಿಶೀಲಿಸಲಾಗಿ, ಮಗುವನ್ನು ಕಾನ್ವೆಂಟಿನಲ್ಲೇ ಮುಂದುವರಿಸುವುದು ಸೂಕ್ತ" ಎಂದು ಹಾಳೆ ಮಡಚಿದೆ. ಮಗ ತೊಡೆ ತಟ್ಟಿಕೊಂಡು ಎದ್ದ. ಸೊಸೆ, "ಸರಿ ಮಾವ" ಎಂದಷ್ಟೇ ಹೇಳಿ ತಲೆ ಬಗ್ಗಿಸಿದಳು. ಕಂಬ ಹಿಡಿದುಕೊಂಡು ನಿಂತಿದ್ದ ಮೊಮ್ಮಗಳು ನನ್ನನ್ನೇ ನೋಡಿ, "ಅಂದ್ರೆ ವ್ಯಾನಾ, ತಾತ?" ಎಂದಳು. ನಾನು ಹೂಂ ಎಂದೆ. ಅದು ಅಳಲಿಲ್ಲ. ಅತ್ತಿದ್ದರೆ ಎಷ್ಟೋ ವಾಸಿಯಾಗಿತ್ತು.

ಅಷ್ಟರಲ್ಲಿ ನನ್ನ ಹೆಂಡತಿ ನಕ್ಕಳು. ಹುಣಸೆಹಣ್ಣು ಬಿಡಿಸುತ್ತಾ ಕೂತವಳು ಕೈಯಲ್ಲಿದ್ದದ್ದನ್ನು ಮೊರಕ್ಕೆ ಹಾಕಿ ಬಾಯ್ತುಂಬಾ ನಕ್ಕಳು.

"ಏನೇ ಅದು ನಗಾದು?" ಎಂದು ಗದರಿದೆ.

"ಗ್ರೌಂಡ್ ಇಲ್ಲ ಅಂದ್ರಲ್ಲ, ಅದ್ಕೆ ನಗು ಬಂತು. ಮತ್ತೆ ದಿನಾ ನಮ್ಮ ಕಣದಾಗೆ ದೂಳೆಬ್ಬಿಸ್ತಾವಲ್ಲ, ಅವು ಯಾವೂರ ಮಕ್ಳು?"

"ಅದು ನಮ್ಮ ಕಣ ಕಣೇ! ಸ್ಕೂಲಿಂದಲ್ಲ!"

"ನಮ್ದಾದ್ರೇನು, ಆಡೋವು ಅವೇ ತಾನೆ? ಮಕ್ಳ ಕಾಲಿಗೆ ಪಹಣಿ ಗೊತ್ತಾಯ್ತದಾ? ಇನ್ನು ನೀರೂ ಇಲ್ವಂತೆ. ಹಂಗಾರೆ ಬೆಳಗಿಂದ ಸಂಜೆಗಂಟ ಏನ್ ಗಾಳಿ ಕುಡ್ಕಂಡು ಅವ್ಯಾ? ಹೋಗ್ರೀ, ಹೋಗಿ ಕಣ್ಣಲ್ಲಿ ನೋಡ್ಕಂಡು ಬನ್ರೀ. ಇಲ್ಲೇ ಕೂಗಿದ್ರೆ ಕೇಳ್ಸೋವಷ್ಟು ದೂರ ಐತೆ, ಅದ್ನ ಮೊಬೈಲಾಗೆ ನೋಡಿದ್ರಂತೆ!"

ಸೊಸೆ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಒಳಗೆ ಹೋದಳು. ನನಗೆ ಮೈಯೆಲ್ಲಾ ಉರಿಯಿತು. ಕಾರ್ಡಿನಲ್ಲಿ ಇಲ್ಲ ಎಂದು ಅಚ್ಚಾಗಿರುವುದನ್ನು ನಾನು ಇದೆ ಎಂದು ಹೇಗೆ ಬರೆಯಲಿ? ಸರಿ, ಹೆಡ್‌ಮೇಡಂ ಬಾಯಲ್ಲೇ ಹೇಳಿಸಿಕೊಂಡು ಬರುತ್ತೇನೆ, ಆಗ ಇವಳ ಬಾಯಿ ಮುಚ್ಚುತ್ತದೆ ಎಂದುಕೊಂಡು ಶುಕ್ರವಾರ ಬೆಳಿಗ್ಗೆ ಹಾಳೆಯನ್ನು ಕಂಕುಳಲ್ಲಿಟ್ಟು ಹೊರಟೆ.

ಕಣದಲ್ಲಿ ನಾಲ್ಕು ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರು. ಆ ಕಡೆ ಲಗೋರಿ ನಡೆದಿತ್ತು. ನಾನು ದಿನಾ ನೋಡುವ ನೋಟವೇ. ಕಾಯಿ ರಾಶಿ ಹಾಕಿದಾಗ, "ತುಳಿಬೇಡ್ರೋ, ಕಾಲು ಮುರೀತೀನಿ" ಎಂದು ಎಷ್ಟು ಸಲ ಕೂಗಿದ್ದೇನೋ. ಅದು ಶಾಲೆಯ ಆಟದ ಪೀರಿಯಡ್ಡು ಎಂದು ಒಂದು ದಿನವೂ ತಲೆಗೆ ಹೊಳೆದಿರಲಿಲ್ಲ. ವರ್ಷಕ್ಕೊಮ್ಮೆ ಹೆಡ್‌ಮೇಡಂ ಮನೆಗೆ ಬಂದು, "ಸಾರ್, ಈ ಸಲ ಕಾಯಿ ರಾಶಿ ಯಾವಾಗ ಎತ್ತುತೀರಿ?" ಎಂದು ಕೇಳುತ್ತಿದ್ದರು. ಪಾಪ, ನಮ್ಮ ಫಸಲಿನ ಮೇಲೆ ಎಷ್ಟು ಕಾಳಜಿ ಎಂದುಕೊಂಡಿದ್ದೆ. ಅವರು ಮಕ್ಕಳ ಓಟದ ಪಂದ್ಯಕ್ಕೆ ದಿನ ನೋಡುತ್ತಿದ್ದರು!

ಹೆಡ್‌ಮೇಡಂ ನೊಣವಿನಕೆರೆ ಕಡೆಯವರು. ತೆಂಗಿನ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವರು. ಬಹಳ ವರ್ಷದಿಂದ ಅದೇ ಬಸ್ಸಿಗೆ ಬಂದು ಅದೇ ಬಸ್ಸಿಗೆ ಹೋಗುತ್ತಾರೆ. ನನ್ನನ್ನು ಕಂಡು ಕುರ್ಚಿ ಹಾಕಿದರು. ಐದನೇ ಕ್ಲಾಸಿನ ಹುಡುಗಿ ಸ್ಟೀಲ್ ಲೋಟದಲ್ಲಿ ತಣ್ಣನೆಯ ನೀರು ತಂದುಕೊಟ್ಟಳು. ಅರ್ಧ ಕುಡಿದ ಮೇಲೆ ನನಗೆ ನೆನಪಾಯಿತು.

"ಮೇಡಂ, ನಿಮ್ಮ ಶಾಲೇಲಿ ಕುಡಿಯೋ ನೀರೇ ಇಲ್ಲ ಅಂತ ಕಾರ್ಡಲ್ಲಿ ಐತೆ. ಇದೆಲ್ಲಿಂದ ಬಂತು?"

"ಅದು ಪಕ್ಕದ ತೋಟದವ್ರ ಬೋರಿಂದು ಸಾರ್. ಅವ್ರೇ ಪೈಪ್ ಎಳ್ಸಿ ಕೊಟ್ಟವ್ರೆ."

"ಮತ್ತೆ ಲೈಬ್ರರಿ?"

"ಪುಸ್ತಕ, ಬೀರು ಎಲ್ಲಾ ಕೊಬ್ಬರಿ ಮಂಡಿಯವ್ರೊಬ್ರು ಕೊಟ್ಟಿದ್ದು. ಇಲ್ಲಿ ಮಾಡು ಸೋರ್ತದೆ ಅಂತ ಹಾಲಿನ ಡೈರಿ ರೂಮಲ್ಲಿ ಇಟ್ಟಿದೀವಿ. ಶನಿವಾರ ಮಕ್ಳನ್ನ ಕರ್ಕಂಡು ಹೋಗಿ ಓದಿಸ್ತೀನಿ."

"ಆಟದ ಮೈದಾನ?"

ಅವರು ಕಿಟಕಿಯ ಕಡೆ ನೋಡಿ ಮುಗುಳ್ನಕ್ಕರು. "ಅದು ನಿಮ್ದಲ್ವಾ ಸಾರ್."

ನನಗೆ ಸಿಟ್ಟು ನೆತ್ತಿಗೇರಿತು. "ಅಲ್ರೀ ಮೇಡಂ, ಎಲ್ಲಾ ಇಟ್ಕಂಡು ಮೂರು ವರ್ಷದಿಂದ ಇಲ್ಲ, ಇಲ್ಲ ಅಂತ ಬರ್ದಿದೀರಲ್ಲ! ಅದ್ನ ನೋಡಿ ಯಾರ್ರೀ ಮಕ್ಳನ್ನ ಕಳಿಸ್ತಾರೆ? ನಿಮ್ಮ ಶಾಲೆ ಹೆಸರನ್ನ ನೀವೇ ಕೆಡಿಸ್ಕಂಡ್ರಲ್ರೀ!"

ಅವರು ಬೇಸರ ಮಾಡಿಕೊಳ್ಳಲಿಲ್ಲ. "ಕಾರ್ಡಿಗೆ ಅಂತ ಕಳ್ಸೋ ಫಾರಂ ಕೆಳಗೆ ನನ್ನ ಸಹಿ ಇರ್ತದೆ ಸಾರ್. ಊರವ್ರು ಪ್ರೀತಿಯಿಂದ ಕೊಟ್ಟವ್ರೆ, ಬಳಸ್ಕಂತಿದೀವಿ. ಹಂಗಂತ ಕಂಡೋರ ವಸ್ತುನ ನಮ್ದು ಅಂತ ಬರ್ಕಳಕ್ಕಾಯ್ತದಾ? ನಮ್ಮ ತೋಟಕ್ಕೆ ಬಿದ್ದ ಪಕ್ಕದವ್ರ ಕಾಯಿನ ನಮ್ಮಪ್ಪ ಬದುವಿನ ಮೇಲೆ ಇಡೋರು. ನಿಮ್ಮನೇಲೂ ಹಂಗೇ ಇಡ್ತಿದ್ರಲ್ಲ?"

ಲೋಟದಲ್ಲಿ ಉಳಿದಿದ್ದ ನೀರನ್ನು ಕುಡಿದು ಕೆಳಗಿಟ್ಟೆ.

ನಮ್ಮ ಕಡೆ ಎರಡು ತೋಟದ ನಡುವೆ ಇರುವುದು ಒಂದು ಬದು, ಅಷ್ಟೇ. ಮರಗಳು ಆ ಕಡೆ ಈ ಕಡೆ ವಾಲಿರುತ್ತವೆ. ಪಕ್ಕದವರ ಮರದ ಕಾಯಿ ನಮ್ಮ ತೋಟಕ್ಕೆ ಬಿದ್ದರೆ ಅದನ್ನು ಎತ್ತಿ ಬದುವಿನ ಮೇಲೆ ಇಡಬೇಕು. ಅವರು ಬಂದಾಗ ತೆಗೆದುಕೊಂಡು ಹೋಗುತ್ತಾರೆ. ಯಾರೂ ಹೇಳಿಕೊಡುವುದಿಲ್ಲ, ಯಾರೂ ಕಾಯುವುದೂ ಇಲ್ಲ. ಎಂಟು ವರ್ಷದವನಿದ್ದಾಗ ನಾನು ಅಂಥ ಒಂದು ಕಾಯಿಯನ್ನು ಮನೆಗೆ ತಂದಿದ್ದೆ. ನಮ್ಮಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಕಾಯಿಯನ್ನು ನನ್ನ ಕೈಯಲ್ಲೇ ವಾಪಸು ಇಡಿಸಿ, ಪಕ್ಕದ ತೋಟದವರು ಬರುವವರೆಗೂ ಬಿಸಿಲಿನಲ್ಲಿ ಅದರ ಪಕ್ಕ ನಿಲ್ಲಿಸಿದರು. ಆವತ್ತಿನ ನಾಚಿಕೆ ಇವತ್ತಿಗೂ ನೆನಪಿದೆ. ಅದೇ ಕಾಯಿಯ ನ್ಯಾಯವನ್ನು ಈ ಹೆಣ್ಣುಮಗಳು ಸರ್ಕಾರದ ಫಾರಂಗೆ ಹಾಕಿ ಕೂತಿದ್ದಾರೆ. ತಪ್ಪು ಎನ್ನುವುದು ಹೇಗೆ?

ಇನ್ನೂ ಒಂದು ಮಾತು ಒಪ್ಪಿಕೊಳ್ಳಬೇಕು. ಕಾಲಂ ತುಂಬುವುದು ಹೇಗೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೊಂಗೆ ಮರದ ನೆರಳಲ್ಲಿ ಕೂತು, ಒಬ್ಬರನ್ನು ಕೇಳಿ ಇಡೀ ಊರಿನ ತೆಂಗಿನ ಮರ ಬರೆದುಕೊಂಡು ಎದ್ದು ಬಂದ ದಿನಗಳಿವೆ. ಒಂದೊಂದು ಅಂಕಿಯ ಹಿಂದೆಯೂ ಅದನ್ನು ಬರೆದ ಮನುಷ್ಯ ಇರುತ್ತಾನೆ ಎಂದು ತಿಳಿದೂ ತಿಳಿದೂ, ಮೊಬೈಲಿನಲ್ಲಿ ಬಂತೆಂದು ಕಣ್ಣುಮುಚ್ಚಿ ನಂಬಿದೆನಲ್ಲ! ಕಣ ದಾಟಿ ಬರಲು ನನಗೆ ಐದು ನಿಮಿಷ ಸಾಕಾಗಿತ್ತು.

ಆದರೂ ಪಟ್ಟು ಬಿಡಲಿಲ್ಲ. ನೀರು, ಮೈದಾನ ಇದ್ದರಾಯಿತೇ, ಪಾಠ ಬೇಡವೇ? "ಮಕ್ಳನ್ನ ಒಂದು ಪ್ರಶ್ನೆ ಕೇಳಬೌದಾ?" ಎಂದೆ. ಮೇಡಂ ಕೈ ತೋರಿಸಿದರು. ನೀರು ತಂದುಕೊಟ್ಟ ಹುಡುಗಿಯನ್ನೇ ಎಬ್ಬಿಸಿದೆ. ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿದ್ದಳು, ಹೆದರಿಕೆಯ ಸುಳಿವೇ ಇಲ್ಲ.

"ನೂರು ಕಾಯಿ ಅವೆ. ನೂರಕ್ಕೆ ಎಂಟು ಕೆಟ್ಟೋಯ್ತಾವೆ ಅನ್ಕ. ಒಳ್ಳೇವು ಎಷ್ಟು ಎತ್ತಿಡ್ತೀಯಾ?"

ತೊಂಬತ್ತೆರಡು ಎಂದು ಥಟ್ಟನೆ ಹೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಹುಬ್ಬು ಗಂಟಿಕ್ಕಿದಳು.

"ಎತ್ತಿಡಾದು ಅಂದ್ರೆ, ಅವು ಮರದಿಂದ ಈಗ ಕೆಡವಿದವಾ ಸಾರ್, ಅಟ್ಟದಾಗಿನವಾ?"

"ಯಾವುದಾದ್ರೇನು?"

"ಲೆಕ್ಕಕ್ಕೆ ತೊಂಬತ್ತೆರಡು ಸಾರ್. ಆದ್ರೆ ಅಟ್ಟದಾಗಿನವಾದ್ರೆ ಈಗ್ಲೇ ಎತ್ತಿಡಾಕಾಗಲ್ಲ. ಒಡೆಯಗಂಟ ಯಾವ್ದು ಒಳ್ಳೇದು ಯಾವ್ದು ಕೆಟ್ಟದ್ದು ಅಂತ ಗೊತ್ತಾಗಲ್ಲ."

ನಮ್ಮಲ್ಲಿ ಕೊಬ್ಬರಿಗೆಂದು ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಲು ಬಿಡುತ್ತೇವೆ. ಆಮೇಲೆ ಸುಲಿದು ಚಿಪ್ಪು ಒಡೆದಾಗಲೇ ಒಳಗಿನದು ಗೊತ್ತಾಗುವುದು. ಹುಟ್ಟಿದಾರಭ್ಯ ಅಟ್ಟದ ಕೆಳಗೇ ಮಲಗಿದವನು ನಾನು. ಪ್ರಶ್ನೆ ಹಾಕುವಾಗ ಆ ಯೋಚನೆ ಬಂದಿರಲಿಲ್ಲ. ಹತ್ತು ವರ್ಷದ ಹುಡುಗಿ ನನ್ನ ಪ್ರಶ್ನೆಯಲ್ಲಿದ್ದ ತೂತನ್ನು ನನಗೇ ತೋರಿಸಿ, ಉತ್ತರವನ್ನೂ ಹೇಳಿ, ಜಡೆ ಹಿಂದಕ್ಕೆ ಹಾಕಿಕೊಂಡು ಕೂತಳು. ಮೂವತ್ತು ವರ್ಷದಲ್ಲಿ ನನ್ನ ಕಚೇರಿಯ ಒಬ್ಬ ಸಾಹೇಬನಿಗೂ ಅಂಥ ಪ್ರಶ್ನೆ ಕೇಳುವ ಬುದ್ಧಿ ಇರಲಿಲ್ಲ. ನನಗೆ ಎದೆ ಉಬ್ಬಿತು. ಇದು ನನ್ನ ಶಾಲೆ ಎಂದು ಕೂಗಬೇಕೆನ್ನಿಸಿತು.

ಮನೆಗೆ ಬಂದವನೇ ಎಲ್ಲರನ್ನೂ ಮತ್ತೆ ಜಗಲಿಗೆ ಕರೆದೆ. ಹಾಳೆ ಬಿಚ್ಚಿ, ಕೆಂಪು ಪೆನ್ಸಿಲ್ಲಿನಿಂದ ಮೇಲಿಂದ ಕೆಳಗೆ ಒಂದು ಗೆರೆ ಎಳೆದೆ.

"ನಾನು ತಪ್ಪು ಲೆಕ್ಕ ಹಾಕ್ದೆ ಕಣಮ್ಮ" ಎಂದು ಸೊಸೆಗೆ ಹೇಳಿದೆ. "ಮಗೂನ ಇಲ್ಲಿಗೇ ಹಾಕಾಣ. ನಾಳೆ ಅವಳು ಏನಾದ್ರೂ ಅಂದ್ರೆ ನನ್ನ ಅನ್ನಲಿ, ನಿನ್ನಲ್ಲ."

"ಅಪ್ಪ ತಪ್ಪು ಅಂತ ಒಪ್ಕಂಡ್ರಾ! ಇದ್ನ ಬರ್ಕಳ್ರಪ್ಪೋ" ಎಂದು ಮಗ ಕಿಚಾಯಿಸಿದ. "ಸುಮ್ನಿರ್ಲಾ, ನೀನೂ ಅಲ್ಲೇ ಮಗ್ಗಿ ಕಲ್ತಿದ್ದು" ಎಂದೆ.  ಹೆಂಡತಿ ಹುಣಸೆಹಣ್ಣಿನ ಮೊರವನ್ನು ಪಕ್ಕಕ್ಕೆ ಸರಿಸಿ, ನನಗೆ ಬಿಸಿ ಕಾಫಿ ತಂದುಕೊಟ್ಟಳು. ಸೊಸೆ ಕಣ್ಣೊರೆಸಿಕೊಂಡಳು. ಮೊಮ್ಮಗಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬ್ಯಾಗಿನಿಂದ ಟವೆಲ್ಲನ್ನು ತೆಗೆದು ತಾನೇ ಬಟ್ಟೆ ಒಣಗಿಸುವ ಗಳುವಿನ ಮೇಲೆ ಹಾಕಿ ಬಂದಳು. ಸೋಮವಾರ ಬಂದು ಹೋಯಿತು, ಕಾನ್ವೆಂಟಿನ ಕಡೆ ನಾವು ತಲೆ ಹಾಕಲಿಲ್ಲ. ಶಾಲೆ ಶುರುವಾದ ದಿನ ಅವಳು ಕಣದಲ್ಲಿ ಕುಂಟುತ್ತಾ ಕುಂಟುತ್ತಾ, ಕುಂಟೆಬಿಲ್ಲೆಯ ಗೆರೆಗಳ ಮೇಲೇ ಶಾಲೆಗೆ ಹೋದಳು.

ಕೆಲವು ತಿಂಗಳಾದ ಮೇಲೆ ಆ ವರ್ಷದ ಫಾರಂ ಬಂತು. ಹೆಡ್‌ಮೇಡಂ ನನ್ನನ್ನು ಕರೆಸಿದರು. ನಾನು ಸೂಚನೆಗಳನ್ನೆಲ್ಲ ಒಂದಕ್ಷರ ಬಿಡದೆ ಓದಿದೆ. ಮೈದಾನದ ಸಾಲಿನ ಕೆಳಗೇ ಇನ್ನೊಂದು ಸಣ್ಣ ಸಾಲಿತ್ತು: ಸ್ವಂತದ್ದು ಇಲ್ಲದಿದ್ದರೆ, ಪಕ್ಕದ ಜಾಗದಲ್ಲಿ ಆಟಕ್ಕೆ ವ್ಯವಸ್ಥೆ ಇದೆಯೇ? ಮೇಡಂ ಅದನ್ನು ಪ್ರತಿವರ್ಷ ಖಾಲಿ ಬಿಟ್ಟಿದ್ದರು.

"ಬಾಯಿಮಾತಿನ ಮೇಲೆ ವ್ಯವಸ್ಥೆ ಐತೆ ಅಂತ ಹೆಂಗೆ ಬರೀಲಿ ಸಾರ್? ನಾಳೆ ನೀವು ಬೇಡ ಅಂದ್ರೆ?"

ಅಲ್ಲೇ ಬಿಳಿ ಹಾಳೆ ತೆಗೆದುಕೊಂಡು ಬರೆದೆ. ನಮ್ಮ ಕಣವನ್ನು ಶಾಲೆಯ ಮಕ್ಕಳು ಆಟಕ್ಕೆ ಬಳಸಲು ನಮ್ಮ ಒಪ್ಪಿಗೆ ಇದೆ, ಕಾಯಿ ರಾಶಿಯ ದಿನಗಳನ್ನು ಬಿಟ್ಟು, ಎಂದು. ಮನೆಗೆ ತಂದು ಓದಿದಾಗ ಹೆಂಡತಿ, "ಅದೇನದು ಬಿಟ್ಟು ಗಿಟ್ಟು? ರಾಶಿನ ಕೊಟ್ಟಿಗೆ ಹಿಂದ್ಕೆ ಹಾಕಾಣ ಬುಡಿ, ಜಾಗಕ್ಕೇನು ಬರ ಬಂದೈತಾ?" ಎಂದಳು. ಹಾಳೆಯಲ್ಲಿದ್ದ ರಾಶಿಯ ಮಾತನ್ನು ಹೊಡೆದುಹಾಕಿ, ಮಗನಿಂದಲೂ ಸಹಿ ಹಾಕಿಸಿದೆ. ಪಕ್ಕದ ತೋಟದವರು ನೀರಿಗೆ, ಮಂಡಿಯವರು ಪುಸ್ತಕ, ಬೀರುವಿಗೆ, ಡೈರಿಯವರು ಅವನ್ನಿಟ್ಟ ಕೋಣೆಗೆ ಕಾಗದ ಕೊಟ್ಟರು. ಸಹಿ ಹಾಕುವಾಗ ಪಕ್ಕದ ತೋಟದವರು, "ಕುಡಿಯೋ ನೀರಿಗೂ ಕಾಗದ ಕೇಳ್ತೀರಲ್ಲ, ಒಳ್ಳೇ ಮನುಷ್ಯರು ಕಣ್ರಪ್ಪ ನೀವು!" ಎಂದು ಬೈದೇ ಹಾಕಿದರು. ಕಾಗದಗಳನ್ನೆಲ್ಲ ಮುಂದಿಟ್ಟುಕೊಂಡ ಮೇಲೆಯೇ ಮೇಡಂ ಪೆನ್ನು ತೆಗೆದದ್ದು.

ಹೊಸ ಕಾರ್ಡು ಇಂಟರ್ನೆಟ್ಟಿಗೆ ಬರಲು ಬಹಳ ದಿನ ಹಿಡಿಯಿತು. ವಾರಕ್ಕೆರಡು ಸಲ ಸೊಸೆಯ ಹತ್ತಿರ, "ಬಂತೇನಮ್ಮ?" ಎಂದು ಕೇಳುತ್ತಿದ್ದೆ. ಒಂದು ದಿನ ಸಂಜೆ ನಾಲ್ಕರ ಹೊತ್ತಿಗೆ ಅವಳೇ ಹಿತ್ತಿಲ ಕಡೆಯಿಂದ ಕೂಗುತ್ತಾ ಬಂದಳು. ನಾನು ಕನ್ನಡಕ ಹಾಕಿಕೊಂಡು ಕಣದ ಅಂಚಿನ ಕಲ್ಲಿನ ಮೇಲೆ ಕೂತೆ. ಕುಡಿಯುವ ನೀರು: ಇದೆ. ಗ್ರಂಥಾಲಯ: ಇದೆ. ಆಟಕ್ಕೆ ವ್ಯವಸ್ಥೆ: ಇದೆ. ಆ ಮೂರು 'ಇದೆ'ಗಳನ್ನು ಹೆಂಡತಿಗೆ, ಮಗನಿಗೆ, ದಾರಿಯಲ್ಲಿ ಹಾಲಿನ ಕ್ಯಾನು ಹಿಡಿದು ಹೋಗುತ್ತಿದ್ದವರಿಗೆ, ಎಲ್ಲರಿಗೂ ಕೂಗಿ ಕೂಗಿ ಓದಿದೆ. ನಾಚಿಕೆಯೇನೂ ಆಗಲಿಲ್ಲ.

ಸೊಸೆ ಬೆರಳಿನಿಂದ ಪರದೆಯನ್ನು ಇನ್ನೂ ಕೆಳಕ್ಕೆ ಸರಿಸಿದಳು. "ಇಲ್ಲಿ ನೋಡಿ ಮಾವ" ಎಂದಳು. ಒಂದನೇ ತರಗತಿ, ಹೆಣ್ಣುಮಕ್ಕಳು. ಹೋದ ವರ್ಷ ಸೊನ್ನೆಯಿದ್ದ ಕಡೆ ಒಂದು ಎಂದಿತ್ತು. ಬರೀ ಒಂದು. ಸಾವಿರಗಳ, ಲಕ್ಷಗಳ ಲೆಕ್ಕ ಬರೆದು ಕೈ ಸವೆಸಿದವನು ನಾನು. ಆ ಒಂದನ್ನು ಎರಡೆರಡು ಸಲ ಓದಿದೆ. ಕನ್ನಡಕ ತೆಗೆದು, ಕಣದ ಕಡೆ ಕೈ ತೋರಿಸಿದೆ.

"ಅದೇನು ಮೊಬೈಲಲ್ಲಿ ನೋಡ್ತೀಯಮ್ಮ? ಅಗೋ, ಆ ಒಂದು ಅಲ್ಲಿ ಓಡ್ತಾ ಐತೆ, ನೋಡು."